ಸುತ್ತಿಗೆಯ ಮೂತಿಯ ಮೇಲಿನ ಗುರುತು

"ಅಜ್ಜಾರ, ನಂಬಿದವರು ಮೋಸ ಮಾಡಾಕತ್ತಾರೋ ಇಲ್ಲೋ ಅಂತ ತಿಳ್ಕೊಳ್ಳೂದು ಹೆಂಗ್ರೀ?"

ಕೇಳಿದವನು ಮರುಳಸಿದ್ಧ, ಮಠದ ಉಗ್ರಾಣ ನೋಡಿಕೊಳ್ಳುವ ಶಿಷ್ಯ. ಮಧ್ಯಾಹ್ನದ ಪ್ರಸಾದ ಮುಗಿದು ಮಠದ ಸ್ವಾಮಿಗಳಾದ ಅಜ್ಜನವರು ಕಟ್ಟೆಗೆ ಒರಗಿ ಕುಳಿತ ಹೊತ್ತು ನೋಡಿ ಕೇಳಿದ. ಯಾರ ಹೆಸರನ್ನೂ ಎತ್ತಲಿಲ್ಲ. "ಯಾರಪಾ ಅವರು?" ಎಂದು ಅಜ್ಜನವರು ವಿಚಾರಿಸಿದಾಗಲೂ, "ಯಾರೂ ಅಲ್ರೀ, ಸುಮ್ನ ಕೇಳಿದೆ" ಎಂದುಬಿಟ್ಟ.

ಸುಮ್ಮನೆ ಕೇಳಿದ್ದಲ್ಲ. ಅವನ ಮನಸ್ಸಿನಲ್ಲಿದ್ದವಳು ಶಂಕ್ರವ್ವ. ಮೂವತ್ತು ವರ್ಷದಿಂದ ಮಠದ ದಾಸೋಹಕ್ಕೆ ಜೋಳದ ರೊಟ್ಟಿ ಬಡಿಯುತ್ತ ಬಂದವಳು. ಮೊದಲು ಒಂದು ಸೇರು ಹಿಟ್ಟಿಗೆ ಹದಿನಾರು ರೊಟ್ಟಿ ಆಗುತ್ತಿದ್ದವು, ಈಚೆಗೆ ಹನ್ನೆರಡು ದಾಟುತ್ತಿಲ್ಲ. ಉಳಿದ ನಾಲ್ಕು ರೊಟ್ಟಿಯ ಹಿಟ್ಟು ಅವಳ ಸೆರಗಿನ ಗಂಟಿನಲ್ಲಿ ಮನೆಗೆ ಹೋಗುತ್ತಿದೆ ಎಂದು ಮರುಳಸಿದ್ಧ ತೀರ್ಮಾನಿಸಿದ್ದ. ನಾಲ್ಕು ದಿನ ಬಾಗಿಲ ಮರೆಯಲ್ಲಿ ನಿಂತು ನೋಡಿದ. ಏನೂ ಸಿಗಲಿಲ್ಲ. ಸಿಗದ ಹಾಗೆ ಕದಿಯುವುದರಲ್ಲಿ ಪಳಗಿದ್ದಾಳೆ ಎಂದುಕೊಂಡ. ಮೇಲಾಗಿ ಈಗೀಗ ರೊಟ್ಟಿಯೂ ದಪ್ಪ, ಅದಕ್ಕೂ ಅವನಿಗೆ ಸಿಟ್ಟು. ಮಾರನೆಯ ದಿನ ಅವಳನ್ನು ಬಾಗಿಲಲ್ಲೇ ನಿಲ್ಲಿಸಿ, ಇನ್ನು ಬರಬೇಡ ಎಂದು ಹೇಳುವುದೆಂದು ನಿಶ್ಚಯಿಸಿದ್ದ. ಅಜ್ಜನವರ ಬಾಯಿಂದ ಒಂದು ಮಾತು ಬಿದ್ದರೆ ಧೈರ್ಯ ಬರುತ್ತಿತ್ತು, ಅಷ್ಟೆ.

ನಾಲ್ಕು ದಿನದಿಂದ ಅವನು ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಲ್ಲುವುದನ್ನು ಕಂಡಿದ್ದ ಅಜ್ಜನವರು ಅವನ ಮುಖವನ್ನು ಒಂದು ಗಳಿಗೆ ನೋಡಿದರು. ಆಮೇಲೆ ಈ ಕತೆ ಹೇಳಿದರು.

ಒಂದೂರಿನಲ್ಲಿ ಕಲ್ಲುಪುಡಿ ಕಾರ್ಖಾನೆಯ ಯಜಮಾನನೊಬ್ಬ ಇದ್ದ. ಅವನ ಹೆಸರು ಬೇಡ. ಹೆಸರು ಹೇಳಿದರೆ ಊರು ಯಾವುದು, ಬೀಗರು ಯಾರು ಎಂದು ನೀನು ಹುಡುಕಿಕೊಂಡು ಹೊರಡುತ್ತೀ.

ಅವನು ಕೆಟ್ಟವನಲ್ಲ. ದುಡಿದವರಿಗೆ ಕೂಲಿ ತಡ ಮಾಡಿದವನಲ್ಲ. ಹಬ್ಬಕ್ಕೆ ಆಳುಗಳಿಗೆಲ್ಲ ಹೊಸ ಬಟ್ಟೆ ಕೊಡಿಸುತ್ತಿದ್ದ. ಕೊಡಿಸಿದ ಬಟ್ಟೆ ಅವರ ಮೈಮೇಲೇ ಇದೆಯೋ ಮಾರಿಕೊಂಡರೋ ಎಂದು ಹಬ್ಬದ ದಿನ ಅವರ ಓಣಿಯಲ್ಲಿ ಒಂದು ಸುತ್ತು ಹಾಕಿಯೂ ಬರುತ್ತಿದ್ದ. ಬೀಗ ಹಾಕಿ ಜಗ್ಗಿ ನೋಡುವವರು ಲೋಕದಲ್ಲಿ ಬಹಳ ಜನ. ಇವನು ಹತ್ತು ಹೆಜ್ಜೆ ಹೋಗಿ ತಿರುಗಿ ಬಂದು ಇನ್ನೊಮ್ಮೆ ಜಗ್ಗುವವನು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರೆ. ಇವನಿಗೆ ಹಳದಿ ಕಾಣದ ದಿನ ತನ್ನ ಕಣ್ಣಿನ ಮೇಲೇ ಅನುಮಾನ ಬರುತ್ತಿತ್ತು.

ಕಾರ್ಖಾನೆಯಲ್ಲಿ ಇದ್ದದ್ದು ಒಂದೇ ಯಂತ್ರ. ದಪ್ಪ ಕಬ್ಬಿಣದ ಗೂಡು. ಒಳಗೆ ತಿರುಗುವ ಉರುಳೆ. ಉರುಳೆಗೆ ಜೋತುಬಿದ್ದ ಇಪ್ಪತ್ನಾಲ್ಕು ಸುತ್ತಿಗೆಗಳು. ಮೇಲಿನಿಂದ ಬಿಳಿಕಲ್ಲು ಬೀಳುತ್ತದೆ. ಸುತ್ತಿಗೆಗಳು ತಿರುಗುತ್ತ ಅದನ್ನು ಬಡಿದು, ಕೆಳಗಿನ ಜಾಲರಿಗೆ ಒತ್ತಿ ಅರೆಯುತ್ತವೆ. ಪುಡಿ ಜಾಲರಿಯ ಕಿಂಡಿಯಿಂದ ಇಳಿಯುತ್ತದೆ. ಸುತ್ತಿಗೆಯ ಮೂತಿಗೂ ಜಾಲರಿಗೂ ನಡುವೆ ಒಂದು ಬೆರಳಿನಷ್ಟು ಸಂದು. ಸಂದು ಕಿರಿದಾಗಿದ್ದರೆ ಪುಡಿ ನುಣ್ಣಗೆ, ಹಿರಿದಾದರೆ ತರಿ.

ಆದರೆ ಸುತ್ತಿಗೆ ಕಲ್ಲನ್ನು ಬಡಿದರೆ ಕಲ್ಲೇನು ಸುಮ್ಮನಿರುತ್ತದೆಯೇ? ಅದೂ ಸುತ್ತಿಗೆಯನ್ನು ಬಡಿಯುತ್ತದೆ. ಮೂತಿ ದಿನದಿನಕ್ಕೆ ಎಳ್ಳಷ್ಟು ಸವೆಯುತ್ತದೆ. ಅದು ಸವೆದಷ್ಟೂ ಸಂದು ಬೆಳೆಯುತ್ತದೆ.

ಯಂತ್ರ ನೋಡಿಕೊಳ್ಳಲು ಒಬ್ಬ ಮೇಸ್ತ್ರಿ ಇದ್ದ. ಹನ್ನೊಂದು ವರ್ಷದಿಂದ ಅಲ್ಲೇ ದುಡಿದವನು. ವಾರಕ್ಕೊಮ್ಮೆ, ಸಂತೆಯ ದಿನ, ಯಂತ್ರ ನಿಲ್ಲಿಸಿ ಪಕ್ಕದ ಬಾಗಿಲು ತೆಗೆದು ಸಂದಿನಲ್ಲಿ ಬೆರಳಿಟ್ಟು ನೋಡುತ್ತಿದ್ದ. ಬೆರಳು ಸಡಿಲವಾಗಿ ಆಡಿದರೆ ಪಾನಾ ಹಿಡಿದು ಜಾಲರಿಯ ಬೋಲ್ಟುಗಳನ್ನು ಕಾಲು ಸುತ್ತು ತಿರುಗಿಸುತ್ತಿದ್ದ. ಜಾಲರಿ ಸುತ್ತಿಗೆಯ ಹತ್ತಿರಕ್ಕೆ ಬರುತ್ತಿತ್ತು. ಒಂದು ಮಗ್ಗುಲು ಸವೆದ ಸುತ್ತಿಗೆಯನ್ನು ತಿರುವಿ ಹಾಕುತ್ತಿದ್ದ. ತೂಗಿ ನೋಡಿ, ಸರಿಸಮ ತೂಕದ ಎರಡನ್ನು ಎದುರುಬದುರು ಕೂರಿಸುತ್ತಿದ್ದ. ಒಂದು ಭಾರ ಒಂದು ಹಗುರ ಆದರೆ ಉರುಳೆ ನಡುಗಿ ಯಂತ್ರವೇ ಕಿತ್ತುಹೋಗುತ್ತದೆ. ಇಷ್ಟು ಕೆಲಸ ಮಾಡಿ ಕೈ ಒರೆಸಿಕೊಂಡು ಎದ್ದರೆ ಮುಗಿಯಿತು. ಯಾರಿಗೂ ಹೇಳುತ್ತಿರಲಿಲ್ಲ, ಹೇಳಿಕೊಳ್ಳುವಂಥದ್ದು ಏನಿದೆ ಎಂದು ಅವನ ಭಾವನೆ.

ಯಜಮಾನ ಕಂಡದ್ದು ಒಂದನ್ನೇ. ಹನ್ನೊಂದು ವರ್ಷದಿಂದ ಪುಡಿ ಒಂದೇ ಸಮ ನುಣ್ಣಗೆ ಬರುತ್ತಿದೆ. ಅದು ಯಂತ್ರದ ಗುಣ ಎಂದು ತಿಳಿದಿದ್ದ.

ಒಂದು ದಿನ ಅವನು ಕಾರ್ಖಾನೆಯ ಹಿಂದೆ ಸವೆದ ಸುತ್ತಿಗೆಗಳ ರಾಶಿ ನೋಡಿದ. ಒಂದನ್ನು ಎತ್ತಿದ. ಹಗುರವಾಗಿತ್ತು. ಹೊಸ ಸುತ್ತಿಗೆ ಬಂದ ದಿನ ಎತ್ತಿ ನೋಡಿ ಏದುಸಿರು ಬಿಟ್ಟದ್ದು ಅವನಿಗೆ ನೆನಪಿತ್ತು. ತಕ್ಕಡಿಗೆ ಹಾಕಿದ. ಹೊಸದು ಎಂಟು ಕಿಲೋ ಇತ್ತು, ಇದು ಐದು. ಇಪ್ಪತ್ನಾಲ್ಕನ್ನೂ ಸೇರಿಸಿದರೆ ಎಪ್ಪತ್ತೆರಡು ಕಿಲೋ ಕಬ್ಬಿಣ ಕಾಣೆ. ಕಬ್ಬಿಣಕ್ಕೆ ಕಾಲಿಲ್ಲ. ಕಾಲು ಇರುವವನು ಯಾರು? ಮೇಸ್ತ್ರಿ.

ಮೇಸ್ತ್ರಿಯನ್ನು ಕರೆಸಿ ಕೇಳಿದ, "ಉಳಿದ ಕಬ್ಬಿಣ ಎಲ್ಲಿ ಹೋತು?"

"ಪುಡ್ಯಾಗ ಹೋತ್ರೀ ಯಜಮಾನ್ರ" ಎಂದ ಮೇಸ್ತ್ರಿ.

ಯಜಮಾನ ಒಳಗೊಳಗೇ ನಕ್ಕ. ಕೇಳಿದ ಕೂಡಲೇ ಉತ್ತರ ಬಂದಿತ್ತು. ಮೊದಲೇ ಹೊಂದಿಸಿ ಇಟ್ಟುಕೊಳ್ಳದೆ ಇಷ್ಟು ಬೇಗ ಉತ್ತರ ಬರುತ್ತದೆಯೇ? ಮೇಸ್ತ್ರಿ ತಡವರಿಸಿದ್ದರೂ ಯಜಮಾನ ಇದನ್ನೇ ಎನ್ನುತ್ತಿದ್ದ, ಕಳ್ಳನಾದ್ದರಿಂದ ತಡವರಿಸಿದ ಎಂದು. ಬೆಳಗಿನಿಂದ ಭಾರ ಎತ್ತಿ ನೋಯುತ್ತಿದ್ದ ಹೆಗಲನ್ನು ಮೇಸ್ತ್ರಿ ಆಗಲೇ ಒಮ್ಮೆ ಸವರಿಕೊಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆ ಯಜಮಾನನಿಗೆ ಗೊತ್ತಿತ್ತು. ಇನ್ನೇನು ಬೇಕು? ನಮ್ಮ ಗಟ್ಟಿ ಸುತ್ತಿಗೆಗಳನ್ನು ಮೇಸ್ತ್ರಿ ಬಿಚ್ಚಿ ಮಾರಿ, ಎಲ್ಲಿಂದಲೋ ತಂದ ಹಗುರದವನ್ನು ಯಂತ್ರಕ್ಕೆ ಹಾಕುತ್ತಾನೆ ಎಂದು ಅವನು ನಂಬಿದ. ಆದರೂ ಸಾಕ್ಷಿ ಬೇಕಲ್ಲ.

ಸಾಕ್ಷಿಗೆ ಅವನು ಒಂದು ಉಪಾಯ ಹೂಡಿದ. ಆ ಕಡೆ ಅಮಾವಾಸ್ಯೆಯ ದಿನ ಯಂತ್ರ ತಿರುಗಿಸುವುದಿಲ್ಲ. ತೊಳೆದು, ಕುಂಕುಮ ಹಚ್ಚಿ, ಕಾಯಿ ಒಡೆದು ಆಳುಗಳು ಮನೆಗೆ ಹೋಗುತ್ತಾರೆ. ಅಂಥ ಒಂದು ಅಮಾವಾಸ್ಯೆಗೆ ಎರಡು ದಿನ ಮುಂಚೆ ಮೇಸ್ತ್ರಿ ಹೊಸ ಸುತ್ತಿಗೆ ಹಾಕಿದ್ದ. ಎಲ್ಲರೂ ಹೋದ ಮೇಲೆ ಯಜಮಾನ ಒಬ್ಬನೇ ಉಳಿದು, ಉಳಿ ಹಿಡಿದು, ಇಪ್ಪತ್ನಾಲ್ಕಕ್ಕೂ ಗುಟ್ಟಾಗಿ ತನ್ನದೊಂದು ಗುರುತು ಹೊಡೆದ. ಸುತ್ತಿಗೆಯನ್ನು ಉರುಳೆಗೆ ಸಿಕ್ಕಿಸುವ ಸರಳು ತೂರುವ ಮೇಲಿನ ತುದಿಯಲ್ಲಿ ಹೊಡೆದರೆ ಕಣ್ಣಿಗೆ ಬೀಳುವುದಿಲ್ಲ. ಬಾಗಿಲು ತೆಗೆದ ಕೂಡಲೇ ಕಾಣಬೇಕೆಂದು ಕೆಳಗೆ ಮೂತಿಯ ಮೇಲೆಯೇ ಹೊಡೆದ. ಗಟ್ಟಿ ಕಬ್ಬಿಣ. ಕೈಯಲ್ಲಿ ಬೊಬ್ಬೆ ಎದ್ದವು. ಎದ್ದರೂ ಆ ದಿನ ಅವನು ಹೊಟ್ಟೆ ತುಂಬ ಉಂಡ.

ಇಲ್ಲಿಗೆ ಬಂದಾಗ ಮರುಳಸಿದ್ಧ ತಲೆದೂಗಿದ. ಯಜಮಾನ ಜಾಣನೇ ಸರಿ ಎನ್ನಿಸಿತು ಅವನಿಗೆ. ಅಜ್ಜನವರು ಅದನ್ನು ನೋಡಿದರು, ನೋಡದವರಂತೆ ಕತೆ ಮುಂದುವರಿಸಿದರು.

ಎರಡು ಅಮಾವಾಸ್ಯೆ ಕಳೆದವು. ಮೂರನೆಯ ಅಮಾವಾಸ್ಯೆಯಂದು ಪೂಜೆಗೆಂದು ಯಂತ್ರದ ಬಾಗಿಲು ತೆಗೆದಾಗ ಯಜಮಾನ ಎಲ್ಲರನ್ನೂ ಸರಿಸಿ ತಾನೇ ಬಗ್ಗಿ ನೋಡಿದ. ಉರುಳೆಯನ್ನು ಕೈಯಿಂದ ತಿರುಗಿಸುತ್ತ ಒಂದೊಂದನ್ನೇ ನೋಡಿದ. ಇಪ್ಪತ್ನಾಲ್ಕರಲ್ಲಿ ಒಂದರ ಮೇಲೂ ಅವನ ಗುರುತು ಇರಲಿಲ್ಲ.

ಅವನಿಗೆ ಸಿಟ್ಟು ಬರಲಿಲ್ಲ, ಸಂತೋಷವಾಯಿತು. ಇದನ್ನು ಯಾಕೆ ಮುಚ್ಚಿಡಬೇಕು? ಅನುಮಾನದವನಿಗೆ ಕಳ್ಳ ಸಿಕ್ಕಿದ ದಿನವೇ ಹಬ್ಬ. ಇಷ್ಟು ದಿನ ತಾನು ಪಟ್ಟ ಸಂಕಟವೆಲ್ಲ ಸಾರ್ಥಕವಾಯಿತು ಎಂದುಕೊಂಡ. ಕಾಯಿ ಒಡೆಯಲು ನಿಂತಿದ್ದ ಮೇಸ್ತ್ರಿಯನ್ನು ಎಲ್ಲರ ಎದುರಿಗೇ ಕೇಳಿದ.

"ಇವು ನನ್ನ ಹ್ಯಾಮರ್ ಅಲ್ಲ. ನನ್ನವು ಎಲ್ಲಿ ಮಾರಿದಿ? ಒಂದೊಂದರ ಮೂತಿ ಮ್ಯಾಲೂ ನಾ ಗುರ್ತು ಹೊಡದಿದ್ದೆ."

ಮೇಸ್ತ್ರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಬಗ್ಗಿ ಒಂದು ಸುತ್ತಿಗೆಯ ಮೂತಿಯನ್ನು ಹೆಬ್ಬೆರಳಿನಿಂದ ಸವರಿದ. "ಕಲ್ಲಿಗೆ ಬಡ್ಯೂ ಜಾಗಾದಾಗ ಗುರ್ತು ಹೊಡದ್ರ ಹೆಂಗ ಉಳೀತೈತ್ರೀ? ದುಡದ್ರ ಅಳಸ್ತೈತಿ" ಎಂದ.

"ದುಡ್ಯೂದು ಸಾಕು. ಬಾಗಿಲಾ ಅಲ್ಲೈತಿ" ಎಂದ ಯಜಮಾನ.

ಮೇಸ್ತ್ರಿ ಕುಂಕುಮ ಹಚ್ಚಿದ್ದ ಪಾನಾವನ್ನು ಯಂತ್ರದ ಮೇಲಿಟ್ಟ. ವಾರಕ್ಕೊಮ್ಮೆ ಜಾಲರಿ ನೋಡುತ್ತಿರಬೇಕು ಎಂದು ಹೇಳಲು ಬಾಯಿ ತೆರೆದ. ಯಜಮಾನ ಕೈ ಎತ್ತಿ ತಡೆದ. ಅಲ್ಲಿದ್ದ ಹದಿನಾಲ್ಕು ಜನರಲ್ಲಿ ಒಬ್ಬನೂ ತುಟಿ ಬಿಚ್ಚಲಿಲ್ಲ. ಮುಂದಿನ ಗುರುತು ತಮ್ಮ ಬೆನ್ನ ಮೇಲೆ ಬಿದ್ದೀತೆಂದು ಎಲ್ಲರಿಗೂ ಹೆದರಿಕೆ. ಕಾಯಿಯನ್ನು ಆ ದಿನ ಯಜಮಾನನೇ ಒಡೆದ.

ಹೋಗುವ ಕಳ್ಳ ಏನಾದರೂ ಕೆಡಿಸಿ ಹೋಗಿರಬಹುದು ಎಂದು ಯಜಮಾನನಿಗೆ ಹೊಸ ಅನುಮಾನ ಹತ್ತಿತು. ಯಂತ್ರವನ್ನು ಯಾರೂ ಮುಟ್ಟಬಾರದೆಂದ. ಮುಟ್ಟಿದರೆ ಗೊತ್ತಾಗಲಿ ಎಂದು ಜಾಲರಿಯ ಬೋಲ್ಟುಗಳ ಮೇಲೆ ಕೆಂಪು ಬಣ್ಣ ಬಳಿದ. ಎರಡು ವಾರ ಪುಡಿ ಎಂದಿನಂತೆಯೇ ಬಂತು. ಮೇಸ್ತ್ರಿ ಇಲ್ಲದಿದ್ದರೆ ಯಂತ್ರ ಓಡುವುದಿಲ್ಲವೇನು ಎಂದು ಅವನು ಬಂದವರಿಗೆಲ್ಲ ಹೇಳಿಕೊಂಡ. ಕಬ್ಬಿಣ ಕದ್ದವನ ಕತೆಯನ್ನೂ ಹೇಳಿದ. ಸುತ್ತಲಿನ ಕಾರ್ಖಾನೆಯವರಿಗೆಲ್ಲ ಅದು ತಲುಪಿತು.

ಮೂರನೆಯ ವಾರ ಪುಡಿ ಒಂದಿಷ್ಟು ತರಿಯಾಯಿತು. ಕಲ್ಲು ಕಳಿಸುವ ಗಣಿಯವನು ಗಟ್ಟಿ ಕಲ್ಲು ಬೆರೆಸುತ್ತಿದ್ದಾನೆ ಎಂದು ಗಣಿಯವನನ್ನು ಬಿಟ್ಟ. ಬೇರೆ ಗಣಿಯ ಕಲ್ಲು ಬಂತು, ಪುಡಿ ಇನ್ನೂ ತರಿಯಾಯಿತು. ಕಲ್ಲು ಸುರಿಯುವವನು ಬೇಕೆಂದೇ ಒಮ್ಮೆಗೇ ಸುರಿಯುತ್ತಾನೆ ಎಂದು ಅವನನ್ನು ಬಿಡಿಸಿದ. ಚೀಲ ತುಂಬುವ ಹೆಂಗಸು ಮೇಸ್ತ್ರಿಯ ಊರಿನವಳು ಎಂದು ತಿಳಿದಾಗ ಅವಳನ್ನೂ ಬಿಡಿಸಿದ. ಇಂಥದೇ ನೆವಕ್ಕೆ ಇನ್ನೂ ಮೂವರು ಹೋದರು. ಹದಿನಾಲ್ಕು ಜನ ಇದ್ದಲ್ಲಿ ಒಂಬತ್ತು ಜನ ಉಳಿದರು. ಸುತ್ತಿಗೆ ಮಾತ್ರ ತನ್ನ ಪಾಡಿಗೆ ತಾನು ಸವೆಯುತ್ತಲೇ ಇತ್ತು. ಅದರ ಮೇಲೆ ಅವನಿಗೆ ಅನುಮಾನ ಬರಲಿಲ್ಲ.

ಕೊನೆಗೆ ಪುಡಿ ಕೊಳ್ಳುವ ವ್ಯಾಪಾರಿಯೇ ಬಂದ. ಅವನು ಗೋಡೆಗೆ ಬಳಿಯುವ ಪುಟ್ಟಿ ಮಾಡುವವನು. ಒಂದು ಹಿಡಿ ಪುಡಿಯನ್ನು ಯಜಮಾನನ ಮೇಜಿನ ಮೇಲೆ ಹಾಕಿ ಅಂಗೈಯಿಂದ ಉಜ್ಜಿದ. ಮೇಜಿನ ಮೇಲೆ ಗೀರು ಬಿದ್ದವು. "ದಿನಾ ಒಂದ್ ಮುಷ್ಟಿ ಕಬ್ಬಿಣದ ಪುಡಿ ನಮ್ಮ ಮ್ಯಾಗ್ನೆಟ್ಟಿಗೆ ಹತ್ತತೈತಿ, ಅದಕ್ಕ ನಾ ಎಂದೂ ತಕರಾರು ಮಾಡಿಲ್ರೀ. ಈ ತರಿ ಮಾತ್ರ ನಡ್ಯಾಂಗಿಲ್ಲ" ಎಂದ.

ಯಜಮಾನ ಕಿವಿ ನೆಟ್ಟಗೆ ಮಾಡಿದ. "ಕಬ್ಬಿಣದ ಪುಡಿ? ಯಾವಾಗಿಂದ?"

"ಮೊದಲಿಂದೂ ಐತ್ರೀ. ಕಲ್ಲು ಬಡದು ಸವದ ಕಬ್ಬಿಣ ಮತ್ತೆಲ್ಲಿ ಹೋಗಬೇಕು?" ಎಂದು ವ್ಯಾಪಾರಿ ಎದ್ದು ಹೋದ.

ಇವನೂ ಮೇಸ್ತ್ರಿಯೂ ಒಂದಾಗಿರಬಹುದು ಎಂಬುದೇ ಯಜಮಾನನಿಗೆ ಮೊದಲು ಹೊಳೆದದ್ದು. ವ್ಯಾಪಾರಿಯ ಮಾತು ನಂಬಲಿಲ್ಲ. ಪೇಟೆಗೆ ತಾನೇ ಹೋಗಿ ಅಯಸ್ಕಾಂತ ತಂದ. ಗೋದಾಮಿನ ಬಾಗಿಲು ಹಾಕಿಕೊಂಡು ಪುಡಿಯ ರಾಶಿಯಲ್ಲಿ ಅದನ್ನು ಆಡಿಸಿ ಮೇಲೆತ್ತಿದ. ತುದಿಯಲ್ಲಿ ಕರಿಯ ಮೀಸೆ ಮೂಡಿತ್ತು. ಒರೆಸಿ ಇನ್ನೊಂದು ರಾಶಿಗೆ ಹಾಕಿದ. ಅಲ್ಲೂ ಅದೇ. ಮೇಸ್ತ್ರಿ ಹೋದ ಮೇಲೆ ತುಂಬಿದ ಚೀಲವನ್ನು ಬಿಚ್ಚಿ ನೋಡಿದ, ಮೇಸ್ತ್ರಿ ಇದ್ದಾಗ ತುಂಬಿದ ಹಳೆಯ ಚೀಲವನ್ನು ಹುಡುಕಿ ತೆಗೆದು ನೋಡಿದ. ಎರಡರಲ್ಲೂ ಅದೇ ಕರಿಯ ಮೀಸೆ. ಕಾಣೆಯಾದ ಕಬ್ಬಿಣವನ್ನು ಅಷ್ಟು ವರ್ಷವೂ ಅವನೇ ಚೀಲದಲ್ಲಿ ತುಂಬಿ ಕಳಿಸುತ್ತಿದ್ದ.

ಎದ್ದು ಯಂತ್ರದ ಬಳಿ ಹೋದ. ಬಾಗಿಲು ತೆಗೆದು ಸಂದಿನಲ್ಲಿ ಬೆರಳಿಟ್ಟ. ಒಂದು ಬೆರಳು ಹಿಡಿಸಬೇಕಾದಲ್ಲಿ ಮೂರು ಬೆರಳು ಸಲೀಸಾಗಿ ಹೋದವು. ಕೆಂಪು ಬಣ್ಣ ಕೆರೆದು ಬೋಲ್ಟು ನೋಡಿದ. ಅದರ ಆರು ಮೂಲೆಗಳೂ ಪಾನಾ ತಿರುಗಿ ತಿರುಗಿ ದುಂಡಗಾಗಿದ್ದವು. ಪುಡಿಯ ನುಣುಪು ಯಂತ್ರದ ಗುಣವಲ್ಲ, ವಾರಕ್ಕೊಮ್ಮೆ ಇಲ್ಲಿ ಬಗ್ಗಿ ನಿಲ್ಲುತ್ತಿದ್ದ ಒಬ್ಬನ ಕೈಯ ಗುಣ ಎಂದು ಅವನಿಗೆ ಆಗ ತಿಳಿಯಿತು. ಆ ಕೈ ಸವೆತವನ್ನು ಮರೆಮಾಡಿತ್ತು, ಅದಕ್ಕೇ ಇವನಿಗೆ ಸವೆತ ಎಷ್ಟೆಂದೇ ತಿಳಿದಿರಲಿಲ್ಲ. ಅವನಿಗೆ ನಾಚಿಕೆಯಾಯಿತು. ಯಂತ್ರದ ಪಕ್ಕದಲ್ಲಿ ನೆಲದ ಮೇಲೆ ಕುಳಿತುಬಿಟ್ಟ.

ಅಜ್ಜನವರು ಇಲ್ಲಿ ಒಂದು ಗುಟುಕು ನೀರು ಕುಡಿದರು. ಮರುಳಸಿದ್ಧ ಕುಳಿತಲ್ಲೇ ಮಿಸುಕಿದ. ರೊಟ್ಟಿ ಕಡಿಮೆ ಎಂಬುದು ಒಂದು ದೂರು, ರೊಟ್ಟಿ ದಪ್ಪ ಎಂಬುದು ಇನ್ನೊಂದು ದೂರು ಎಂದು ಅವನು ಇಷ್ಟು ದಿನ ಎಣಿಸಿದ್ದ. ದಪ್ಪ ಬಡಿದರೆ ಹಿಟ್ಟು ಹೆಚ್ಚು ಹಿಡಿಯುತ್ತದೆ, ರೊಟ್ಟಿ ಕಡಿಮೆಯಾಗುತ್ತವೆ ಎಂದು ಅಡುಗೆಮನೆಯಲ್ಲಿ ನಿಂತ ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು. ಬಾಗಿಲ ಮರೆಯಲ್ಲಿ ನಿಂತ ನಾಲ್ಕು ದಿನವೂ ಅವನು ನೋಡಿದ್ದು ಅವಳ ಸೆರಗನ್ನು. ಎರಡು ರೊಟ್ಟಿ ಬಡಿದು ಒಮ್ಮೆ ಮಣಿಕಟ್ಟು ಒತ್ತಿಕೊಳ್ಳುತ್ತಿದ್ದಳು. ಅದೂ ಕಣ್ಣಿಗೆ ಬಿದ್ದಿತ್ತು, ಕೆಲಸ ತಪ್ಪಿಸುವ ನೆವ ಎಂದುಕೊಂಡಿದ್ದ.

"ಆಮ್ಯಾಲೇನಾತ್ರೀ?" ಎಂದ.

ಯಜಮಾನ ಮರುದಿನ ಮೇಸ್ತ್ರಿಯ ಊರಿಗೆ ಹೋದ. ಚಹಾ ಅಂಗಡಿಯಲ್ಲಿ ಮನೆ ಎಲ್ಲಿ ಎಂದು ವಿಚಾರಿಸಿದ. "ಯಾರ, ಕಬ್ಬಿಣದ ಮೇಸ್ತ್ರೀನಾ?" ಎಂದು ಅಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ತನ್ನ ಮಾತು ತನಗಿಂತ ಮೊದಲೇ ಈ ಊರು ಸೇರಿದೆ ಎಂದು ಯಜಮಾನನಿಗೆ ಗೊತ್ತಾಯಿತು.

ಆ ಊರಿನಲ್ಲಿ ಒಂದು ರೂಢಿ ಇತ್ತು. ಯಾರ ಮನೆಯ ಮದುವೆಯಾದರೂ ಉಗ್ರಾಣದ ಕೀಲಿ ಮೇಸ್ತ್ರಿಯ ಉಡಿದಾರದಲ್ಲಿ ಇರಬೇಕು. ಅಕ್ಕಿ, ಬೆಲ್ಲ, ತುಪ್ಪ ಅವನ ಕೈ ದಾಟಿಯೇ ಅಡುಗೆಗೆ ಹೋಗಬೇಕು. ಅವನು ಇದ್ದರೆ ಬೀಗರ ಮುಂದೆ ಮರ್ಯಾದೆ ಉಳಿಯುತ್ತದೆ ಎಂದು ಎಲ್ಲರ ನಂಬಿಕೆ. ಕಾರ್ಖಾನೆಗೆ ರಜೆ ಹಾಕಿ ಅವನು ಇದಕ್ಕೆಂದೇ ಬರುತ್ತಿದ್ದ. ಅವನ ಕೆಲಸ ಹೋದ ಮೇಲೆ ಊರಿನಲ್ಲಿ ಮೂರು ಮದುವೆ ಆದವು. ಮೂರಕ್ಕೂ ಅವನನ್ನು ಕರೆದರು, ಮೂರರಲ್ಲೂ ಕೀಲಿಯನ್ನು ಮಾತ್ರ ಬೇರೆಯವರಿಗೆ ಕೊಟ್ಟರು. ಯಾರೂ ಏನೂ ಅನ್ನಲಿಲ್ಲ. ಅನ್ನದೆ ಇದ್ದದ್ದೇ ಅವನಿಗೆ ಹೆಚ್ಚು ನೋವಾಯಿತು. ಮೂರೂ ಮದುವೆಯಲ್ಲಿ ಅಕ್ಷತೆ ಹಾಕಿ, ಊಟಕ್ಕೆ ಕೂರದೆ ಮನೆಗೆ ಬಂದ. ಇದನ್ನು ಯಜಮಾನನಿಗೆ ಹೇಳಿದವಳು ಮೇಸ್ತ್ರಿಯ ಹೆಂಡತಿ. ಬಾಗಿಲಿಗೆ ಬಂದವನನ್ನು ಕುಳಿತುಕೊಳ್ಳಿ ಎಂದಳು, ನೀರು ಕೊಟ್ಟಳು, ಆಮೇಲೆ ಹೇಳಿದಳು. ದನಿ ಏರಿಸಲಿಲ್ಲ.

ಯಜಮಾನ ನೀರಿನ ತಂಬಿಗೆಯನ್ನು ಕುಡಿಯದೆ ಹಾಗೇ ಕೆಳಗಿಟ್ಟ. ಯಾವ ಕಾರ್ಖಾನೆಯವರೂ ಮೇಸ್ತ್ರಿಯನ್ನು ಕೆಲಸಕ್ಕೆ ಸೇರಿಸಿಕೊಂಡಿರಲಿಲ್ಲ. ಹಿತ್ತಲಿನಲ್ಲಿ ಕುಳಿತು ಯಾರದೋ ನೀರೆತ್ತುವ ಪಂಪು ಬಿಚ್ಚಿ ಹಾಕಿಕೊಂಡಿದ್ದ. ಯಜಮಾನ ಅವನ ಎದುರು ಹೋಗಿ ನಿಂತ. ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದಿದ್ದ ಮಾತುಗಳಲ್ಲಿ ಒಂದೂ ನೆನಪಾಗಲಿಲ್ಲ.

"ತಪ್ಪು ನಂದಪಾ. ಕಬ್ಬಿಣ ಪುಡ್ಯಾಗ ಐತಿ, ಕಣ್ಣಾರೆ ನೋಡಿ ಬಂದೇನಿ. ನೀ ತಿರುಗಿ ಬಾ" ಎಂದ.

ಮೇಸ್ತ್ರಿ ಪಂಪಿನಿಂದ ಕೈ ತೆಗೆದ. ತಲೆ ಎತ್ತಿ ಯಜಮಾನನ ಮುಖ ನೋಡಿದ.

ಅಜ್ಜನವರು ಅಷ್ಟಕ್ಕೇ ಕತೆ ನಿಲ್ಲಿಸಿದರು. ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡು ಏಳಲು ಅಣಿಯಾದರು. ಮರುಳಸಿದ್ಧ ಕಾದ.

"ಮೇಸ್ತ್ರಿ ಏನಂದ್ರೀ ಅಜ್ಜಾರ? ತಿರುಗಿ ಬಂದನೇನ್ರೀ?" ಎಂದು ತಾನೇ ಕೇಳಿದ.

"ನಾಳೆ ಮುಂಜಾನೆ ಬಾಗಿಲಾಗ ನಿಂತು ನೀ ಶಂಕ್ರವ್ವಗ ಏನಂತೀಯೋ, ಅದನ್ನ ಕೇಳಿ ಹೇಳ್ತೇನಪಾ" ಎಂದರು ಅಜ್ಜನವರು.